ಆರ್ಡರ್ ಲೆಟರೇ ಇಲ್ಲದ ಕೆಲಸ ಬಿಡೋದು ಹೇಗೆ

ಬೆಳಗಾವಿಯ ಉದ್ಯಮಬಾಗದ ಸಣ್ಣ ಯುನಿಟ್‌ಗಳಲ್ಲಿ, ರವಿವಾರ ಪೇಟೆಯ ಹೋಲ್‌ಸೇಲ್ ಅಂಗಡಿಗಳಲ್ಲಿ, ಖಡೇಬಜಾರದ ಬಟ್ಟೆ ಅಂಗಡಿಗಳಲ್ಲಿ, ಟಿಳಕವಾಡಿಯ ಚಿಕ್ಕ ಚಿಕ್ಕ ಆಫೀಸುಗಳಲ್ಲಿ ಕೆಲಸ ಮಾಡುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಎಚ್‌ಆರ್ ಅನ್ನೋರು ಇಲ್ಲದ ಕಡೆ ಅಂತ ಇಟ್ಟುಕೊಳ್ಳಿ. ಸೇರುವಾಗ ಮಾಲೀಕರು "ನಾಳಿಂದ ಬಾ" ಅಂದದ್ದೇ ಆರ್ಡರ್. ಪಗಾರ ಅರ್ಧ ಬ್ಯಾಂಕಿಗೆ, ಅರ್ಧ ಕೈಗೆ. ಸೂಟಿ ಲೆಕ್ಕ ಮಾಲೀಕರ ನೆನಪಿನಲ್ಲಿ. ಬಿಲ್ಲಿಂಗ್‌ಗೆ ಅಂತ ಸೇರಿದವರು ವಸೂಲಿಗೂ ಹೋಗುತ್ತಾರೆ, ಗೋದಾಮಿನ ಕೀಲಿಯೂ ಅವರ ಹತ್ತಿರವೇ ಇರುತ್ತದೆ, ಮಾಲೀಕರ ಮಗಳ ಸ್ಕೂಲ್ ಫೀಯನ್ನೂ ಅವರೇ ಆನ್‌ಲೈನ್‌ನಲ್ಲಿ ಕಟ್ಟುತ್ತಾರೆ.

ಇಂಥ ಕೆಲಸ ಬಿಡುವಾಗ ತುಂಬಾ ಜನ ಪಗಾರ ಆದ ಮರುದಿನ ಫೋನ್ ಸ್ವಿಚ್ ಆಫ್ ಮಾಡಿ ಮನೆಯಲ್ಲಿ ಕೂರುತ್ತಾರೆ. ಇಲ್ಲಾಂದರೆ ಒಂದು ದಿನ ತಾಳ್ಮೆ ಕೆಟ್ಟು, ಗಿರಾಕಿಗಳ ಎದುರಿಗೇ ಜಗಳ ಮಾಡಿ ಎದ್ದು ಬರುತ್ತಾರೆ. ಅವರ ಸಿಟ್ಟು ನನಗೆ ಅರ್ಥವಾಗುತ್ತದೆ. ಆದರೆ ನಷ್ಟ ಆಗೋದು ಅವರಿಗೇ. ಕೊನೆಯ ಪಗಾರ ಸಿಗೋದಿಲ್ಲ, ಪಿಎಫ್ ಸಿಕ್ಕಿಹಾಕಿಕೊಳ್ಳುತ್ತದೆ, ಮಾರ್ಕ್ಸ್ ಕಾರ್ಡ್ ಅಲ್ಲೇ ಉಳಿಯುತ್ತದೆ. ಮೇಲಾಗಿ ಬೆಳಗಾವಿಯ ಮಾರ್ಕೆಟ್‌ನಲ್ಲಿ ಎಲ್ಲರಿಗೂ ಎಲ್ಲರೂ ಗೊತ್ತು. ಹೊಸ ಮಾಲೀಕರು ಹಳೇ ಮಾಲೀಕರಿಗೆ ಒಂದು ಫೋನ್ ಮಾಡಿಯೇ ಮಾಡುತ್ತಾರೆ.

ನಾನು ಹೇಳೋದು ಇಷ್ಟೇ: ಅವರು ಏನನ್ನೂ ಬರೆದಿಡಲಿಲ್ಲ ಅಂದರೆ ನೀವು ಬರೆದಿಡಿ. ಸೇರಿದ ತಾರೀಖು, ಬಿಡುವ ತಾರೀಖು, ಒಪ್ಪಿಸಿದ ವಸ್ತು, ಬರಬೇಕಾದ ದುಡ್ಡು, ಎಲ್ಲವೂ ನಿಮ್ಮ ಕಡೆಯಿಂದಾದರೂ ಕಾಗದದ ಮೇಲೆ ಇರಲಿ.

ಬಾಯಿ ಬಿಡುವ ಮೊದಲು

ಹೇಳಿದ ದಿನದಿಂದ ವಾತಾವರಣ ಬದಲಾಗುತ್ತದೆ. ಕೆಲವು ಕಡೆ ಅವತ್ತೇ ಸಂಜೆ ಕಂಪ್ಯೂಟರ್ ಪಾಸ್‌ವರ್ಡ್ ಬದಲಾಗಿರುತ್ತದೆ. ಅದಕ್ಕೆ ನಿಮ್ಮ ಕಾಗದಗಳನ್ನು ಮೊದಲೇ ಕೂಡಿಸಿಕೊಳ್ಳಿ. ಸೇರಿದ ತಿಂಗಳಿಂದ ಇವತ್ತಿನವರೆಗಿನ ಬ್ಯಾಂಕ್ ಸ್ಟೇಟ್‌ಮೆಂಟ್ ಡೌನ್‌ಲೋಡ್ ಮಾಡಿ. ಕೈಗೆ ಬಂದ ಪಗಾರಕ್ಕೆ ಸಾಕ್ಷಿ ಇರುವುದಿಲ್ಲ, ಹಾಗಾಗಿ ವಾಟ್ಸಾಪ್‌ನಲ್ಲಿ "ಪಗಾರ ತಗೊಂಡೆ" ಅಂತ ಹಾಕಿದ ಮೆಸೇಜು, ಹಾಜರಿ ಪುಸ್ತಕದಲ್ಲಿ ನಿಮ್ಮ ಪುಟದ ಫೋಟೋ, ನಿಮ್ಮ ಸಹಿ ಇರುವ ಒಂದೆರಡು ಹಳೇ ವೋಚರ್, ಇವೇ ನಾಳೆ ನೀವು ಅಲ್ಲಿ ಕೆಲಸ ಮಾಡಿದ್ದಕ್ಕೆ ಆಧಾರ.

ಪಿಎಫ್ ಹಿಡಿಯುತ್ತಿದ್ದರೆ ಪಾಸ್‌ಬುಕ್ ತೆಗೆದು ನೋಡಿ. ಯುಎಎನ್‌ಗೆ (ನಿಮ್ಮ ಪಿಎಫ್‌ನ ಕಾಯಂ ನಂಬರ್) ಜೋಡಿಸಿದ ಮೊಬೈಲ್‌ನಿಂದ 9966044425ಕ್ಕೆ ಮಿಸ್ಡ್ ಕಾಲ್ ಕೊಟ್ಟರೆ ಬ್ಯಾಲೆನ್ಸ್ ಮೆಸೇಜ್ ಬರುತ್ತದೆ, ಆದರೆ ತಿಂಗಳ ತಿಂಗಳ ಲೆಕ್ಕ ಪಾಸ್‌ಬುಕ್‌ನಲ್ಲೇ ಗೊತ್ತಾಗೋದು. ಪಗಾರದಲ್ಲಿ ಹಿಡಿದು ಕಟ್ಟದೇ ಬಿಟ್ಟ ತಿಂಗಳು ಇದ್ದರೆ ಬರೆದುಕೊಳ್ಳಿ. ಸಣ್ಣ ಯುನಿಟ್‌ಗಳಲ್ಲಿ ಇದು ಅಪರೂಪವೇನಲ್ಲ.

ಇನ್ನೊಂದು ಮುಖ್ಯ ವಿಷಯ. ಸೇರುವಾಗ ಒರಿಜಿನಲ್ ಮಾರ್ಕ್ಸ್ ಕಾರ್ಡ್ ಇಸಿದುಕೊಂಡಿದ್ದಾರಾ? ಖಾಲಿ ಚೆಕ್ಕಿಗೆ ಸಹಿ ಮಾಡಿಸಿಕೊಂಡಿದ್ದಾರಾ? ರಾಜೀನಾಮೆಯ ಮಾತು ಎತ್ತುವ ಮೊದಲೇ ಇವನ್ನು ವಾಪಸ್ ತರಿಸಿಕೊಳ್ಳಿ. "ಬ್ಯಾಂಕ್ ಲೋನಿಗೆ ಮಾರ್ಕ್ಸ್ ಕಾರ್ಡ್ ಬೇಕು" ಅಂತ ಸುಳ್ಳು ಹೇಳುವುದು ಬೇಡ. "ನನ್ನ ಒರಿಜಿನಲ್ ನನ್ನ ಹತ್ತಿರ ಇರಲಿ, ನಿಮಗೆ ಝೆರಾಕ್ಸ್ ಕೊಡ್ತೀನಿ" ಅಂದರೆ ಸಾಕು, ಅದು ನಿಮ್ಮದೇ ವಸ್ತು. ಚೆಕ್ ಕೊಟ್ಟಿದ್ದರೆ ಅದರ ನಂಬರ್ ಹುಡುಕಿ ಇಟ್ಟುಕೊಳ್ಳಿ.

ಹಾಗೇ, ಅವರ ವಸ್ತು ಅವರದೇ. ಪಾರ್ಟಿಗಳ ಲಿಸ್ಟು, ರೇಟು, ಟ್ಯಾಲಿ (ಲೆಕ್ಕದ ಸಾಫ್ಟ್‌ವೇರ್) ಬ್ಯಾಕಪ್, ಡ್ರಾಯಿಂಗು, ಯಾವುದನ್ನೂ ಪೆನ್‌ಡ್ರೈವ್‌ಗೆ ಹಾಕಿಕೊಳ್ಳಬೇಡಿ. ಎಷ್ಟೇ ಸಿಟ್ಟಿರಲಿ. ನಿಮ್ಮ ಬಾಕಿ ಪಗಾರ ಕೇಳುವ ಹಕ್ಕು ಗಟ್ಟಿಯಾಗಿ ಉಳಿಯಬೇಕೆಂದರೆ ನಿಮ್ಮ ಕೈ ಸ್ವಚ್ಛ ಇರಬೇಕು.

ಯಾವಾಗ ಹೇಳಬೇಕು

ಪಗಾರ ಕೈಗೆ ಬಂದ ಮೇಲೆ. ಇದರಲ್ಲಿ ಸಂಕೋಚ ಪಡುವುದೇನಿಲ್ಲ, ಅದು ದುಡಿದ ತಿಂಗಳ ದುಡ್ಡು. ಎರಡನೆಯದಾಗಿ ಅಂಗಡಿಯ ಕೆಲಸದ ಹೊತ್ತು ನೋಡಿ. ಶಹಾಪುರದ ಸೀರೆ ಅಂಗಡಿಯಲ್ಲಿ ಮದುವೆ ಸೀಸನ್ ನಡುವೆ, ಲೆಕ್ಕ ನೋಡುವವರು ಮಾರ್ಚ್ ಕೊನೆಯ ವಾರದಲ್ಲಿ, ದೀಪಾವಳಿಯ ಲಕ್ಷ್ಮೀಪೂಜೆಗೆ ನಾಲ್ಕು ದಿನ ಇರುವಾಗ ಹೇಳಿದರೆ ಮಾಲೀಕರಿಗೆ ಅದು ಕೈಕೊಟ್ಟ ಹಾಗೆ ಅನಿಸುತ್ತದೆ. ಜಿಎಸ್‌ಟಿ ಕೆಲಸ ನಿಮ್ಮದಾದರೆ ತಿಂಗಳ 11ಕ್ಕೆ ಜಿಎಸ್‌ಟಿಆರ್-1, 20ಕ್ಕೆ 3ಬಿ ರಿಟರ್ನ್ ಇರುತ್ತದಲ್ಲ, 20 ದಾಟಿದ ಮೇಲೆ ನಿಮ್ಮ ಕೊನೆಯ ದಿನ ಬರುವಂತೆ ನೋಡಿಕೊಳ್ಳಿ. ಆದರೆ ಒಂದು ಮಾತು, ಈ ಥರದ ಕಡೆ "ಸರಿಯಾದ ಟೈಮ್" ಅಂತ ಎಂದೂ ಬರುವುದಿಲ್ಲ. ಒಂದು ಆರ್ಡರ್ ಮುಗಿಯುವಷ್ಟರಲ್ಲಿ ಇನ್ನೊಂದು ಬಂದಿರುತ್ತದೆ. ಹೊಸ ಕೆಲಸ ಖಾತ್ರಿಯಾಗಿದ್ದರೆ, ಸೇರುವ ತಾರೀಖು ಬರವಣಿಗೆಯಲ್ಲಿ ಕೈಗೆ ಬಂದಿದ್ದರೆ, ಇನ್ನು ಮುಂದೂಡಬೇಡಿ.

ನೋಟಿಸ್ ಎಷ್ಟು ದಿನ? ಆರ್ಡರ್ ಲೆಟರ್ ಇದ್ದರೆ ಅದರಲ್ಲಿ ಬರೆದಷ್ಟು. ಇಲ್ಲದಿದ್ದರೆ ನೀವೇ 30 ದಿನ ಕೊಡಿ. ಹೊಸ ಕಡೆ ಅವಸರ ಇದ್ದರೆ 15 ದಿನವಾದರೂ ಕೊಡಿ.

ಹೇಳುವ ಹೊತ್ತು

ಎದುರಿಗೆ ಹೇಳಿ. ಗಿರಾಕಿ, ಹಮಾಲರು, ಲೈನ್ ಮೇಲಿನ ಹುಡುಗರು ಯಾರೂ ಇಲ್ಲದಾಗ. ಬೆಳಿಗ್ಗೆ ಶಟರ್ ತೆರೆದು ಪೂಜೆ ಮುಗಿದು ಫೋನ್ ಶುರುವಾಗುವ ಮುಂಚೆ ಒಂದಿಷ್ಟು ಹೊತ್ತು ಇರುತ್ತದೆ, ಅಥವಾ ಸಂಜೆ ಗಲ್ಲಾ ಎಣಿಸಿ ಮುಗಿದ ಮೇಲೆ. ಇಬ್ಬರು ಅಣ್ಣತಮ್ಮಂದಿರು ನಡೆಸುವ ಅಂಗಡಿಯಾದರೆ ಪಗಾರ ಕೊಡುವವರಿಗೆ ಮೊದಲು ಹೇಳಿ, ಅದೇ ದಿನ ಇನ್ನೊಬ್ಬರಿಗೂ ಹೇಳಿ. ಇಲ್ಲದಿದ್ದರೆ "ನನಗ ಹೇಳೇ ಇಲ್ಲ" ಅನ್ನುವ ಮಾತು ಕೊನೆಯ ದಿನದವರೆಗೂ ಬೆನ್ನು ಬಿಡುವುದಿಲ್ಲ.

ಮಾತು ಚಿಕ್ಕದಿರಲಿ. "ಅಣ್ಣಾರ, ಹತ್ತು ನಿಮಿಷ ಮಾತಾಡೂದಿತ್ರಿ. ನಾ ಬ್ಯಾರೆ ಕಡೆ ಕೆಲಸಕ್ಕ ಸೇರಾಕತ್ತೇನ್ರಿ. ಮುಂದಿನ ತಿಂಗಳ 10ನೇ ತಾರೀಖಿನ ತನಕಾ ಇಲ್ಲೇ ಇರ್ತೇನಿ, ಅಷ್ಟರಾಗ ಎಲ್ಲಾ ಕೆಲಸ ಒಪ್ಪಿಸಿ ಹೋಗ್ತೇನ್ರಿ." ಇಷ್ಟೇ. ಪಗಾರ ತಡವಾದದ್ದು, ರವಿವಾರ ಕರೆಸಿದ್ದು, ಅವರ ಭಾವಮೈದ ಎಲ್ಲರ ಎದುರಿಗೆ ಬೈದದ್ದು, ಯಾವುದನ್ನೂ ಅವತ್ತು ಎತ್ತಬೇಡಿ. ಬಿಟ್ಟು ಹೋಗುವವರ ದೂರು ಕೇಳಿ ಯಾರೂ ಅಂಗಡಿ ಸರಿ ಮಾಡಿಕೊಂಡಿದ್ದನ್ನು ನಾನು ಕಂಡಿಲ್ಲ. ಮಾತು ಬೆಳೆಯುತ್ತದೆ, ಲೆಕ್ಕ ತಡವಾಗುತ್ತದೆ, ಅಷ್ಟೇ.

ಕಷ್ಟದ ಉತ್ತರ ಒಂದೇ ಒಂದು. "ನೀ ನಮ್ಮ ಮನಿ ಮಗ ಇದ್ದಂಗ, ಹಿಂಗ ಬಿಟ್ಟು ಹೋಗ್ತೀನಂದ್ರ ಹೆಂಗ?" ಬೈದರೆ ತಡೆದುಕೊಳ್ಳಬಹುದು, ಈ ಮಾತು ತಡೆಯುವುದು ಕಷ್ಟ. ಯಾಕೆಂದರೆ ಅದರಲ್ಲಿ ನಿಜವೂ ಇರುತ್ತದೆ. ನಿಮ್ಮ ತಂಗಿಯ ಮದುವೆಗೆ ಅವರು ದುಡ್ಡು ಕೊಟ್ಟಿರಬಹುದು. ಮಾಲೀಕರ ಹೆಂಡತಿ, ನಮ್ಮ ವೈನಿ, ಮಧ್ಯಾಹ್ನ ನಿಮಗೂ ಒಂದು ರೊಟ್ಟಿ ಕಟ್ಟಿ ಕಳಿಸಿರಬಹುದು. ಆ ಋಣವನ್ನು ಅಲ್ಲಗಳೆಯಬೇಡಿ, ಬಾಯಿಬಿಟ್ಟು ಹೇಳಿ: "ಅದನ್ನ ಮರೆಯಂಗಿಲ್ರಿ. ಆದ್ರ ಮನ್ಯಾಗ ಖರ್ಚು ಹೆಚ್ಚಾಗೇತಿ, ನಾ ಹೋಗಬೇಕ್ರಿ." ನಂತರ ತಾರೀಖನ್ನು ಇನ್ನೊಂದು ಸಲ ಹೇಳಿ. ಉಪಕಾರದ ನೆನಪು ಬೇರೆ, ಕೆಲಸದ ಲೆಕ್ಕ ಬೇರೆ. ಮನೆ ಮಗ ಅನ್ನುವ ಮಾತಿಗೆ ಕರಗಿ ವರ್ಷಗಟ್ಟಲೆ ಒಂದೇ ಪಗಾರಕ್ಕೆ ಉಳಿದವರು ನಮ್ಮ ಊರಲ್ಲಿ ಎಷ್ಟು ಜನ ಇಲ್ಲ ಹೇಳಿ?

"ಪಗಾರ ಜಾಸ್ತಿ ಮಾಡ್ತೀನಿ, ಇರು" ಅಂದರೆ ನಿಮಗೆ ನಿಜವಾಗಿ ಉಳಿಯುವ ಮನಸ್ಸಿದ್ದರೆ ಮಾತ್ರ ಮಾತಾಡಿ. ಎಷ್ಟು, ಯಾವ ತಿಂಗಳಿಂದ, ಬ್ಯಾಂಕಿಗೆ ಎಷ್ಟು ಅನ್ನೋದನ್ನು ಬರೆಸಿಕೊಳ್ಳಿ. ಬರೆದು ಕೊಡಲು ಹಿಂದೆ ಮುಂದೆ ನೋಡಿದರೆ ನಿಮಗೆ ಉತ್ತರ ಸಿಕ್ಕಿತು.

"ದೀಪಾವಳಿ ಮುಗೀಲಿ, ಆಮ್ಯಾಲ ನೋಡೂಣು" ಅಂದರೆ ಒಂದು ವಾರದ ಮಟ್ಟಿಗೆ ಒಪ್ಪಬಹುದು. ಹೊಸ ತಾರೀಖನ್ನು ಆಗಲೇ ಗಟ್ಟಿ ಮಾಡಿಕೊಂಡರೆ ಮಾತ್ರ.

ರಾಜೀನಾಮೆ ಪತ್ರ

ಬಾಯಲ್ಲಿ ಹೇಳಿದ ದಿನವೇ ಪತ್ರ ಕೊಡಿ. ಒಂದೇ ಪುಟ, ಸಾದಾ ಕನ್ನಡದಲ್ಲಿ ಸಾಕು:

"ಮಾನ್ಯರೇ, ನಾನು ತಮ್ಮ ಸಂಸ್ಥೆಯಲ್ಲಿ ಇಂಥ ತಾರೀಖಿನಿಂದ ಬಿಲ್ಲಿಂಗ್ ಮತ್ತು ಲೆಕ್ಕಪತ್ರದ ಕೆಲಸ ಮಾಡುತ್ತಿದ್ದೇನೆ. ವೈಯಕ್ತಿಕ ಕಾರಣದಿಂದ ಕೆಲಸಕ್ಕೆ ರಾಜೀನಾಮೆ ಕೊಡುತ್ತಿದ್ದೇನೆ. ಇಂಥ ತಾರೀಖು ನನ್ನ ಕೊನೆಯ ದಿನ. ಅಷ್ಟರಲ್ಲಿ ನನ್ನ ಹತ್ತಿರ ಇರುವ ಕೆಲಸ, ಕೀಲಿ, ಕಾಗದಪತ್ರ ಒಪ್ಪಿಸುತ್ತೇನೆ. ನನ್ನ ಬಾಕಿ ಪಗಾರ ಮತ್ತು ಸೂಟಿ ಲೆಕ್ಕ ಚುಕ್ತಾ ಮಾಡಿ, ಅನುಭವ ಪತ್ರ ಕೊಡಬೇಕೆಂದು ವಿನಂತಿ. ಇಲ್ಲಿ ಕಲಿತ ಕೆಲಸಕ್ಕೆ ತಮಗೆ ಧನ್ಯವಾದ."

ಇದರಲ್ಲಿ ಸೇರಿದ ತಾರೀಖು ಬಹಳ ಮುಖ್ಯ. ಆರ್ಡರ್ ಲೆಟರ್ ಇಲ್ಲದವರಿಗೆ ಅಲ್ಲಿ ಎಂದಿನಿಂದ ಇದ್ದೀರಿ ಅಂತ ಹೇಳುವ ಮೊದಲ ಕಾಗದ ಈ ಪತ್ರವೇ ಆಗಬಹುದು. ಎರಡು ಪ್ರತಿ ಮಾಡಿ, ಒಂದರ ಮೇಲೆ "ತಲುಪಿದೆ" ಅಂತ ಬರೆಸಿ ಸಹಿ, ತಾರೀಖು, ಸಾಧ್ಯವಾದರೆ ಸಿಕ್ಕಾ ಹಾಕಿಸಿಕೊಳ್ಳಿ. ಸಹಿ ಮಾಡಲ್ಲ ಅಂದರೆ ಬೇಸರ ಬೇಡ. ಪತ್ರದ ಫೋಟೋವನ್ನು ಮಾಲೀಕರ ವಾಟ್ಸಾಪ್‌ಗೆ ಕಳಿಸಿ, ಅಂಗಡಿಯ ಇಮೇಲ್ ಇದ್ದರೆ ಅದಕ್ಕೂ ಕಳಿಸಿ, ಇನ್ನೊಂದು ಪ್ರತಿಯನ್ನು ಸ್ಪೀಡ್ ಪೋಸ್ಟ್ ಮಾಡಿ ರಸೀದಿ ಇಟ್ಟುಕೊಳ್ಳಿ. "ಬಿಟ್ಟು ಓಡಿಹೋದ" ಅಂತ ಬೇರೆಯವರಿಂದ ಕೇಳಿಸಿಕೊಳ್ಳುವ ಪಾಳಿ ನಿಮಗೆ ಬರಬಾರದು.

ಒಪ್ಪಿಸುವ ಕೆಲಸ

ಇದನ್ನೇ ಎಲ್ಲರೂ ಹಗುರವಾಗಿ ತಗೋತಾರೆ. ನನ್ನ ಪ್ರಕಾರ ಇಲ್ಲೇ ಜಾಸ್ತಿ ಸಮಯ ಕೊಡಬೇಕು. ಅಸ್ತವ್ಯಸ್ತ ಅಂಗಡಿಯಲ್ಲಿ ಅರ್ಧ ವ್ಯವಹಾರ ನಿಮ್ಮ ತಲೆಯಲ್ಲಿ ಇರುತ್ತದೆ, ಇನ್ನರ್ಧ ನಿಮ್ಮ ಮೊಬೈಲ್‌ನಲ್ಲಿ.

ಮೊಬೈಲ್ ವಿಷಯವನ್ನೇ ನೋಡಿ. ರಾತ್ರಿ ಒಂಬತ್ತರ ಹೊತ್ತು. ಉದ್ಯಮಬಾಗದ ಗೇಟಿನಲ್ಲಿ ಕಾಸ್ಟಿಂಗ್ ತುಂಬಿದ ಟೆಂಪೋ ನಿಂತಿದೆ, ಕೊಲ್ಹಾಪುರಕ್ಕೆ ಹೋಗಬೇಕು. ಮಾಲು 50,000 ರೂಪಾಯಿಗಿಂತ ಜಾಸ್ತಿ, ಇ-ವೇ ಬಿಲ್ (ಮಾಲು ಸಾಗಿಸಲು ಆನ್‌ಲೈನ್‌ನಲ್ಲಿ ತೆಗೆಯುವ ಚೀಟಿ) ಇಲ್ಲದೆ ಹೊರಡುವ ಹಾಗಿಲ್ಲ. ಹೊಸ ಹುಡುಗ ಪೋರ್ಟಲ್ ತೆರೆದು ಪಾಸ್‌ವರ್ಡ್ ಹಾಕುತ್ತಾನೆ, ಒಟಿಪಿ ಕೇಳುತ್ತದೆ. ಅದು ಹೋಗುವುದು ಕೆಲಸ ಬಿಟ್ಟು ತಿಂಗಳಾದ ಹಳೇ ಹುಡುಗನ ಮೊಬೈಲ್‌ಗೆ. ಡ್ರೈವರ್ ಹಾರ್ನ್ ಹೊಡೆಯುತ್ತಿದ್ದಾನೆ, ಮಾಲೀಕರು ಬಯ್ಯುತ್ತಿದ್ದಾರೆ, ಆ ಹುಡುಗ ಹೊಸ ಕೆಲಸದ ರಾತ್ರಿ ಪಾಳಿಯಲ್ಲಿ ಫೋನ್ ಲಾಕರ್‌ನಲ್ಲಿ ಇಟ್ಟಿದ್ದಾನೆ. 2025ರ ಏಪ್ರಿಲ್‌ನಿಂದ ಇ-ವೇ ಬಿಲ್ ಪೋರ್ಟಲ್‌ನಲ್ಲಿ ಎಲ್ಲರಿಗೂ ಎರಡು ಹಂತದ ಲಾಗಿನ್ ಕಡ್ಡಾಯ ಆಗಿದೆ, ಆದ್ದರಿಂದ ಈ ತೊಂದರೆ ಈಗ ಇನ್ನೂ ಜಾಸ್ತಿ.

ಹಾಗಾಗಿ ನಿಮ್ಮ ನಂಬರ್, ನಿಮ್ಮ ಜಿಮೇಲ್ ಎಲ್ಲೆಲ್ಲಿ ಕೂತಿದೆ ಅಂತ ಒಂದು ಪಟ್ಟಿ ಮಾಡಿ. ಜಿಎಸ್‌ಟಿ ಪೋರ್ಟಲ್, ಇ-ವೇ ಬಿಲ್, ಬ್ಯಾಂಕಿನ ಅಲರ್ಟು, ಪಿಎಫ್-ಇಎಸ್‌ಐ ಲಾಗಿನ್, ಹೆಸ್ಕಾಂ ಕರೆಂಟ್ ಬಿಲ್, ಅಂಗಡಿಯ ವಾಟ್ಸಾಪ್ ಬಿಸಿನೆಸ್, ಗೂಗಲ್ ಮ್ಯಾಪ್‌ನಲ್ಲಿರುವ ಅಂಗಡಿಯ ಪುಟ, ಕೊರಿಯರ್ ಖಾತೆ. ಒಂದೊಂದನ್ನೇ ಮಾಲೀಕರನ್ನು ಪಕ್ಕದಲ್ಲಿ ಕೂರಿಸಿಕೊಂಡು ಅವರ ನಂಬರ್‌ಗೆ ಬದಲಿಸಿ. ಜಿಎಸ್‌ಟಿಯಲ್ಲಿ ಮೊಬೈಲ್, ಇಮೇಲ್ ಬದಲಿಸುವುದು ನಾನ್-ಕೋರ್ ತಿದ್ದುಪಡಿ, ಅಧಿಕಾರಿಯ ಒಪ್ಪಿಗೆಗೆ ಕಾಯಬೇಕಿಲ್ಲ. ಆದರೆ ಅದಕ್ಕೂ ಒಟಿಪಿ ಬೇಕು, ಆದ್ದರಿಂದ ನೀವು ಅಲ್ಲಿ ಇರುವಾಗಲೇ ಮುಗಿಸಿ. ನಿಮ್ಮನ್ನೇ ಆಥರೈಸ್ಡ್ ಸಿಗ್ನೇಟರಿ (ಅಂಗಡಿಯ ಪರವಾಗಿ ಸಹಿ ಮಾಡುವವರು) ಮಾಡಿದ್ದರೆ ಆ ಹೆಸರು ತೆಗೆಸದೆ ಹೊರಗೆ ಬರಲೇಬೇಡಿ. ಅವರ ರಿಟರ್ನ್‌ಗೆ ನಿಮ್ಮ ಸಹಿ ಯಾಕೆ ಇರಬೇಕು?

ಉಳಿದದ್ದಕ್ಕೆ ಒಂದು ಇನ್ನೂರು ಪುಟದ ನೋಟ್‌ಬುಕ್ ಸಾಕು. ಯಾವ ಪಾರ್ಟಿಯಿಂದ ಎಷ್ಟು ಉದ್ರಿ ಬರಬೇಕು, ಯಾರಿಗೆ ಚೆಕ್ ಕೊಟ್ಟಿದೆ, ಯಾವ ಚೆಕ್ ಯಾವ ತಾರೀಖಿಗೆ ಹೋಗುತ್ತದೆ, ಜಾಬ್ ವರ್ಕ್‌ಗೆ ಹೋದ ಮಾಲು ಯಾರ ಹತ್ತಿರ ಇದೆ, ಚಲನ್ ಯಾವ ಫೈಲ್‌ನಲ್ಲಿದೆ. ಟ್ಯಾಲಿಯಲ್ಲಿ ಇಲ್ಲದ, ಬಾಯಿ ಮಾತಿನ ವ್ಯವಹಾರಗಳನ್ನು ಜಾಸ್ತಿ ವಿವರವಾಗಿ ಬರೆಯಿರಿ. "ಈ ಪಾರ್ಟಿಯವರು ಶನಿವಾರ ಸಂಜೆ ಮಾತ್ರ ದುಡ್ಡು ಕೊಡ್ತಾರೆ, ಅವರ ಕಾಕಾನಿಗೆ ಫೋನ್ ಮಾಡಬೇಕು" ಅಂಥ ಮಾತೇ ಮುಂದಿನವರಿಗೆ ಉಪಯೋಗ ಆಗೋದು.

ಕೊನೆಯ ದಿನ ಗಲ್ಲಾ ನಿಮ್ಮ ಕೈಯಲ್ಲಿದ್ದರೆ ನಗದು ಎಣಿಸಿ ಕೊಡಿ. ಕೀಲಿ ಎಷ್ಟು, ಲ್ಯಾಪ್‌ಟಾಪ್, ಸಿಮ್, ಬೈಕು, ಚೆಕ್‌ಬುಕ್, ಎಲ್ಲ ಒಂದು ಹಾಳೆಯಲ್ಲಿ ಬರೆದು ತೆಗೆದುಕೊಂಡವರ ಸಹಿ ಹಾಕಿಸಿ. ಮಾಲೀಕರಿಗೆ ನಿಮ್ಮ ಮೇಲೆ ಸಂಶಯ ಇರಲಿಕ್ಕಿಲ್ಲ, ಆದರೂ ಆರು ತಿಂಗಳ ನಂತರ ಸ್ಟಾಕ್ ಕಡಿಮೆ ಬಂದರೆ ಮೊದಲು ನೆನಪಾಗುವುದು ಬಿಟ್ಟು ಹೋದವರ ಹೆಸರೇ.

ಬರಬೇಕಾದ ದುಡ್ಡು

ಲೆಕ್ಕವನ್ನು ನೀವೇ ಮಾಡಿ ಒಂದು ಚೀಟಿಯಲ್ಲಿ ಕೊಡಿ. ಅವರು ಮಾಡಲಿ ಅಂತ ಕಾದರೆ ಆಗೋದಿಲ್ಲ. ಕೊನೆಯ ತಿಂಗಳಲ್ಲಿ ದುಡಿದ ದಿನಗಳ ಪಗಾರ, ಉಳಿದ ಸೂಟಿ, ನೀವು ಕೈಯಿಂದ ಹಾಕಿದ ಪೆಟ್ರೋಲ್ ದುಡ್ಡು. ಇದರಲ್ಲಿ ನೀವು ತೆಗೆದುಕೊಂಡ ಅಡ್ವಾನ್ಸ್ ಕಳೆಯಿರಿ. ಅಡ್ವಾನ್ಸನ್ನು ನೀವೇ ಮೊದಲು ತೋರಿಸಿದರೆ ಉಳಿದ ಲೆಕ್ಕವನ್ನು ಅವರು ಸುಲಭವಾಗಿ ಒಪ್ಪುತ್ತಾರೆ.

ಸೂಟಿಗೆ ಆಧಾರ ಇದೆ. ಕರ್ನಾಟಕದ 1961ರ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆಯಲ್ಲಿ 20 ದಿನ ದುಡಿದರೆ 1 ದಿನ ಪಗಾರ ಸಹಿತ ರಜೆ ಅಂತಿದೆ. ಕೊನೆಯ ಪಗಾರಕ್ಕೂ ಆಧಾರ ಇದೆ. 2025ರ ನವೆಂಬರ್ 21ರಂದು ಜಾರಿಗೆ ಬಂದ ವೇತನ ಸಂಹಿತೆಯ ಪ್ರಕಾರ ರಾಜೀನಾಮೆ ಕೊಟ್ಟವರ ಪಗಾರವನ್ನೂ ಎರಡು ಕೆಲಸದ ದಿನದೊಳಗೆ ಕೊಡಬೇಕು. "ಮುಂದಿನ ತಿಂಗಳು ಎಲ್ಲರ ಜೊತೆ ಕೊಡ್ತೀನಿ" ಅನ್ನುವುದಕ್ಕೆ ಇದನ್ನು ಮೆತ್ತಗೆ ನೆನಪಿಸಿ.

5 ವರ್ಷ ಪೂರ್ತಿ ಮಾಡಿದ್ದೀರಾ, ಅಲ್ಲಿ 10 ಅಥವಾ ಹೆಚ್ಚು ಜನ ಕೆಲಸ ಮಾಡುತ್ತಾರಾ? ಹಾಗಾದರೆ ಗ್ರಾಚ್ಯುಟಿ, ಅಂದರೆ ವರ್ಷಗಟ್ಟಲೆ ದುಡಿದದ್ದಕ್ಕೆ ಬಿಡುವಾಗ ಸಿಗುವ ಇಡಿಗಂಟು, ನಿಮ್ಮ ಹಕ್ಕು, ಅದು ಮಾಲೀಕರು ಖುಷಿಯಿಂದ ಕೊಡುವ ಬಕ್ಷೀಸಲ್ಲ. ಕೊನೆಯ ತಿಂಗಳ ಮೂಲ ಪಗಾರ ಮತ್ತು ಡಿಎ (ತುಟ್ಟಿಭತ್ಯೆ) ಕೂಡಿಸಿ 26ರಿಂದ ಭಾಗಿಸಿ, 15ರಿಂದ ಗುಣಿಸಿ, ವರ್ಷಗಳಿಂದ ಗುಣಿಸಿ. 18,200 ರೂಪಾಯಿ ಇದ್ದವರಿಗೆ ದಿನಕ್ಕೆ 700, ಹದಿನೈದು ದಿನಕ್ಕೆ 10,500, ಆರು ವರ್ಷಕ್ಕೆ 63,000 ರೂಪಾಯಿ. ಬರವಣಿಗೆಯಲ್ಲಿ ಅರ್ಜಿ ಕೊಡಿ, 30 ದಿನದೊಳಗೆ ಕೊಡಬೇಕು. ಇದು ಗೊತ್ತಿಲ್ಲದೆ ಕೈ ಮುಗಿದು ಹೊರಗೆ ಬಂದ ಹಿರಿಯ ಕೆಲಸಗಾರರನ್ನು ನೆನೆದರೆ ಹೊಟ್ಟೆ ಉರಿಯುತ್ತದೆ.

ಇಎಸ್‌ಐ (ಕೆಲಸಗಾರರ ಆರೋಗ್ಯ ವಿಮೆ) ಇದ್ದವರು ಕಾರ್ಡ್ ಬಿಸಾಡಬೇಡಿ. ಏಪ್ರಿಲ್‌ನಿಂದ ಸೆಪ್ಟೆಂಬರ್‌ವರೆಗೆ ಕಟ್ಟಿದ್ದಕ್ಕೆ ಮುಂದಿನ ಜನವರಿಯಿಂದ ಜೂನ್‌ವರೆಗೆ ಸೌಲಭ್ಯ ಇರುತ್ತದೆ, ಅಕ್ಟೋಬರ್‌ನಿಂದ ಮಾರ್ಚ್‌ವರೆಗೆ ಕಟ್ಟಿದ್ದಕ್ಕೆ ಜುಲೈನಿಂದ ಡಿಸೆಂಬರ್‌ವರೆಗೆ. ಕೆಲಸ ಬಿಟ್ಟ ಮೇಲೂ ಅಶೋಕನಗರದ ಇಎಸ್‌ಐ ಆಸ್ಪತ್ರೆಯಲ್ಲಿ ಒಮ್ಮೆ ವಿಚಾರಿಸಿ.

ಅನುಭವ ಪತ್ರವನ್ನೂ ನೀವೇ ಟೈಪ್ ಮಾಡಿ ಒಯ್ಯಿರಿ. ಹೆಸರು, ಕೆಲಸ, ಎಂದಿನಿಂದ ಎಂದಿನವರೆಗೆ, ನಾಲ್ಕು ಸಾಲು. ಲೆಟರ್‌ಹೆಡ್ ಮೇಲೆ ಪ್ರಿಂಟ್ ತೆಗೆದು ಕೊಟ್ಟರೆ ಹೆಚ್ಚಿನ ಮಾಲೀಕರು ಸಹಿ ಮಾಡುತ್ತಾರೆ. ಬರೆಯಲು ಬೇಸರ ಅಂತಲೇ ಕೊಡದೆ ಇರುವವರು ಜಾಸ್ತಿ.

ದುಡ್ಡು ಕೊಡದೇ ಇದ್ದರೆ ಮೊದಲು ಲೆಕ್ಕದ ಚೀಟಿಯನ್ನು ವಾಟ್ಸಾಪ್‌ನಲ್ಲಿ ಕಳಿಸಿ ಒಂದು ವಾರ ಕೊಡಿ. ನಂತರ ಅದೇ ಲೆಕ್ಕ ಸ್ಪೀಡ್ ಪೋಸ್ಟ್‌ನಲ್ಲಿ. ಅದಕ್ಕೂ ಉತ್ತರ ಬರದಿದ್ದರೆ ಬೆಳಗಾವಿಯ ಕಾರ್ಮಿಕ ಇಲಾಖೆ ಕಚೇರಿಗೆ ಹೋಗಿ ಅರ್ಜಿ ಕೊಡಿ, ಇಲಾಖೆಯ ಸಹಾಯವಾಣಿ 155214. ನೀವು ಕೂಡಿಸಿಟ್ಟ ಸ್ಟೇಟ್‌ಮೆಂಟು, ಹಾಜರಿ ಫೋಟೋ, ಪೋಸ್ಟ್ ರಸೀದಿ ಅಲ್ಲಿ ಕೆಲಸಕ್ಕೆ ಬರುತ್ತವೆ. ಕಟ್ಟದ ಪಿಎಫ್ ಬಗ್ಗೆ ಪಿಎಫ್ ಸಂಸ್ಥೆ ಇಪಿಎಫ್‌ಒದ ದೂರು ಪೋರ್ಟಲ್ ಬೇರೆ ಇದೆ. ಸ್ಟೇಟಸ್‌ನಲ್ಲಿ ಹಾಕುವುದು, ಪಾರ್ಟಿಗಳಿಗೆ ಫೋನ್ ಮಾಡಿ ಹೇಳುವುದು ಮಾತ್ರ ಮಾಡಬೇಡಿ.

ಬಿಟ್ಟ ಮೇಲೆ

ಫೋನ್ ಬರುತ್ತದೆ. "ಆ ಫೈಲ್ ಎಲ್ಲೈತಿ?" ಮೊದಲ ಎರಡು ವಾರ ಉತ್ತರ ಕೊಡಿ, ಸಂಜೆ ಆರರ ನಂತರ ಅಂತ ಹೇಳಿ. ಆಮೇಲೂ ನಿಲ್ಲದಿದ್ದರೆ "ನೋಟ್‌ಬುಕ್‌ನ್ಯಾಗ ಬರ್ದೇನ್ರಿ, ಒಮ್ಮೆ ನೋಡ್ರಿ" ಅನ್ನಿ. ರವಿವಾರ ಬಂದು ಒಂದು ಗಂಟೆ ಕೂತು ಹೋಗು ಅಂದರೆ ಅದು ಕೆಲಸ, ಅದಕ್ಕೆ ದುಡ್ಡು ಕೇಳಿ, ಇಲ್ಲಾ ಬೇಡ ಅನ್ನಿ. ಹಳೇ ಜೊತೆಗಾರರ ಜೊತೆ ಚಹಾ ಕುಡಿಯುವಾಗ ಹೊಸ ಪಗಾರ ಎಷ್ಟು ಅಂತ ಹೇಳಬೇಡಿ, ನಾಳೆ ಬೆಳಿಗ್ಗೆ ಅಂಗಡಿಗೆ ಮುಟ್ಟುತ್ತದೆ.

ಹೊಸ ಕಡೆ ಅದೇ ಯುಎಎನ್ ಕೊಡಿ, ಎರಡನೆಯದು ಮಾಡಿಸಬೇಡಿ. ಹಳೇ ಮಾಲೀಕರು ಪೋರ್ಟಲ್‌ನಲ್ಲಿ ನೀವು ಬಿಟ್ಟ ತಾರೀಖು ಹಾಕದೆ ಬಿಟ್ಟಿದ್ದರೆ, ಎರಡು ತಿಂಗಳ ನಂತರ ಆಧಾರ್ ಒಟಿಪಿಯಿಂದ ನೀವೇ ಹಾಕಬಹುದು, ಮೆಂಬರ್ ಪೋರ್ಟಲ್‌ನ ಮ್ಯಾನೇಜ್ ಅಡಿಯಲ್ಲಿ ಮಾರ್ಕ್ ಎಕ್ಸಿಟ್ ಅಂತ ಇದೆ. ಆ ತಾರೀಖು ಹೊಸ ಕೆಲಸಕ್ಕೆ ಸೇರಿದ ತಾರೀಖಿಗಿಂತ ಹಿಂದಿನದಾಗಿರಲಿ. ಎರಡೂ ಒಂದರ ಮೇಲೊಂದು ಬಂದರೆ ಹಳೇ ದುಡ್ಡು ಹೊಸ ಖಾತೆಗೆ ವರ್ಗ ಮಾಡುವಾಗ ತಕರಾರು ಬರಬಹುದು, ಒಮ್ಮೆ ದಾಖಲಾದ ತಾರೀಖು ತಿದ್ದಿಸಲು ಮತ್ತೆ ಓಡಾಡಬೇಕಾಗುತ್ತದೆ. ಅದಕ್ಕೆ ಸಹಿ ಹಾಕಿಸಿಕೊಂಡ ರಾಜೀನಾಮೆ ಪತ್ರ ಎದುರಿಗೆ ಇಟ್ಟುಕೊಂಡು, ಅದರಲ್ಲಿರುವ ಕೊನೆಯ ದಿನ ನೋಡಿಯೇ ತಾರೀಖು ತುಂಬಿ.